ಸಿಗದೆ ಹೋದ ಒಂದು ವೀರ್ಯಾಣು

ಕೊರೊನಾ ಮುಗಿದು ಆಸ್ಪತ್ರೆಗಳು ಮತ್ತೆ ತುಂಬತೊಡಗಿದ ವರ್ಷ ನಾನು ಚಿಕ್ಕೋಡಿಯ ಖಾಸಗಿ ಬಂಜೆತನ ಚಿಕಿತ್ಸಾ ಕೇಂದ್ರವೊಂದರಲ್ಲಿ ಎಂಬ್ರಿಯಾಲಜಿಸ್ಟ್ ಆಗಿದ್ದೆ. ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಕೂಡಿಸಿ ಭ್ರೂಣ ಬೆಳೆಸುವುದು ನನ್ನ ಕೆಲಸ.

ಚಿಂಚಲಿ ಕಡೆಯ ಭರಮು, ಅವನ ಹೆಂಡತಿ ಸುಜಾತಾ ಆಗ ಬಂದರು. ಭರಮು ಊರೂರು ತಿರುಗಿ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಅವನ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ. ಕ್ಯಾರಿಯೋಟೈಪ್, ಅಂದರೆ ವರ್ಣತಂತುಗಳ ಪರೀಕ್ಷೆ, ಕಾರಣ ತೋರಿಸಿತು: ಗಂಡಸಿಗೆ ಒಂದು ಎಕ್ಸ್, ಒಂದು ವೈ ಇರಬೇಕಾದಲ್ಲಿ ಅವನಿಗೆ ವೈ ಜೊತೆ ಎಕ್ಸ್ ಎರಡಿದ್ದವು. ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಹುಟ್ಟಿನಿಂದಲೇ ಬಂದದ್ದು, ಔಷಧಿಗೆ ಹೋಗುವಂಥದ್ದಲ್ಲ.

ಉಳಿದದ್ದು ಮೈಕ್ರೋ-ಟೀಸೆ: ವೃಷಣವನ್ನು ತೆರೆದು, ಸೂಕ್ಷ್ಮದರ್ಶಕದಡಿ ನೋಡುತ್ತಾ, ವೀರ್ಯಾಣು ಇರಬಹುದಾದ ತುಣುಕುಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಒಂದು ಸಿಕ್ಕರೂ ಅದನ್ನು ಅಂಡಾಣುವಿನೊಳಗೆ ಸೇರಿಸಬಹುದು. ಸಿಗದಿದ್ದರೆ ದಾನಿಯ ವೀರ್ಯ ಆದೀತೇ ಎಂದು ಡಾಕ್ಟರು ಕೇಳಿದಾಗ ಇಬ್ಬರೂ ಒಪ್ಪಿದ್ದರು.

ಆ ಬೆಳಿಗ್ಗೆ ಸುಜಾತಾಳಿಂದ ಒಂಬತ್ತು ಅಂಡಾಣು ದೊರೆತವು. ಪಕ್ಕದ ಕೋಣೆಯಿಂದ ಭರಮುವಿನ ತುಣುಕುಗಳು ಬರುತ್ತಲೇ ಇದ್ದವು. ಬಿಡಿಸಿ ಬಿಡಿಸಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಕತ್ತು ಮರಗಟ್ಟಿತ್ತು. ಒಂದೂ ಸಿಗಲಿಲ್ಲ.

ಭರಮುವಿಗೆ ಎಚ್ಚರವಾದ ಮೇಲೆ ಡಾಕ್ಟರು ದಾನಿಯ ಮಾತೆತ್ತಿದರು. ಅವನು ಗೋಡೆಯ ಕಡೆ ಹೊರಳಿದ.

“ಬ್ಯಾಡ್ರಿ. ಕಂಡವರ ದನಕ್ಕೆಲ್ಲಾ ಹೋರಿ ಬೀಜ ಹಾಕಿ ಬಂದೇನಿ. ನನ್ನ ಹೆಂಡ್ತಿಗೂ ಹಂಗಽ ಮಾಡಸ್ಲೇನ್ರಿ?”

ಸುಜಾತಾ ಮಂಚದ ಅಂಚು ಹಿಡಿದು ನಿಂತಿದ್ದಳು. “ನಾ ದನ ಅದೀನೇನ್ರಿ? ಮೊದಲ ಹೂಂ ಅಂದಿದ್ರಲ್ಲ?”

“ಆಗ ನಂದಽ ಸಿಗತೈತಿ ಅನ್ಕೊಂಡಿದ್ನಿ.”

ಅಂಡಾಣುಗಳನ್ನು ಹೆಪ್ಪುಗಟ್ಟಿಸಿ ಇಟ್ಟೆ.

ಮರುವರ್ಷ ಸುಜಾತಾ ಒಬ್ಬಳೇ ಬಂದಳು. ದಾನಿಯ ವೀರ್ಯ ಬಳಸಲು ಗಂಡನ ಒಪ್ಪಿಗೆಯೂ ಬೇಕೆಂದು ಅವಳಿಗೆ ಗೊತ್ತಿತ್ತು. ಅವನು ಕೊಟ್ಟಿರಲಿಲ್ಲ. ಅಂಡಾಣುಗಳನ್ನು ನಾಶಪಡಿಸುವುದಕ್ಕೆ ಮಾತ್ರ ಸಹಿ ಹಾಕಿ ಕಳಿಸಿದ್ದ.

“ಮನ್ಯಾಗ ಎಲ್ಲಾರೂ ನನ್ನಽ ಬಂಜಿ ಅಂತಾರ್ರಿ ಮೇಡಂ. ಇವ್ರು ಕೇಳ್ಕೊಂತ ಸುಮ್ಮ ಕುಂದಿರ್ತಾರ.”

ಇನ್ನಷ್ಟು ದಿನ ಇಡೋಣ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. “ಅವು ಇದ್ರ ಆಸೆ ಹುಟ್ಟತೈತ್ರಿ. ತಗದಬಿಡ್ರಿ.”

ತೆಗೆದೆ. ಅಷ್ಟೂ ಹೊತ್ತು ಅವಳು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಮುಗಿಯಿತೆಂದು ಹೇಳಿದಾಗ ಸೆರಗು ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಈಗ ಗಂಡ ಹೆಂಡತಿಯನ್ನು ಬೇರೆಬೇರೆ ಕೂರಿಸಿ, ದಾನಿಯ ವೀರ್ಯ ಆದೀತೇ ಎಂದು ಮತ್ತೆ ಮತ್ತೆ ಕೇಳುತ್ತೇವೆ. ಆದರೂ, ಆಸೆಯಿದ್ದಾಗ ಕೊಟ್ಟ ಮಾತು ಆಸೆ ಹೋದ ಮೇಲೂ ಉಳಿಯುತ್ತದೆಂದು ನಾನು ನಂಬುವುದಿಲ್ಲ.