ಬೆಣ್ಣೆಕೈ ಪೈಪು ಹಿಡಿದದ್ದು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಹೇಳಿ ವಿಚಾರಿಸಿದರೆ ಯಾರೂ ಅಂಗಡಿ ತೋರಿಸುತ್ತಿರಲಿಲ್ಲ. ಬೆಣ್ಣೆಕೈ ಅಂದರೆ ಮಾತ್ರ ಎದ್ದು ಬಂದು ಬಾಗಿಲ ತನಕ ಬಿಟ್ಟು ಹೋಗುತ್ತಿದ್ದರು. ಮೂವತ್ತನಾಲ್ಕು ವರ್ಷ ಕ್ಷೌರದ ಕತ್ತಿ ಹಿಡಿದವನು. ಗಡ್ಡ ಬೋಳಿಸುವಾಗ ಕತ್ತಿ ಎಲ್ಲಿ ಓಡಾಡುತ್ತಿದೆ ಎಂದು ಗಿರಾಕಿಗೆ ತಿಳಿಯುತ್ತಿರಲಿಲ್ಲ. ಎಷ್ಟೋ ಜನ ಬಲಗೆನ್ನೆ ಮುಗಿಯುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು. ಇದರ ಬಗ್ಗೆ ಅವನಿಗೆ ಜಂಬವಿತ್ತು. ಇರಲಿ ಬಿಡಿ, ಕೈಯಲ್ಲಿ ಕಸುಬಿದ್ದವನಿಗೆ ಅಷ್ಟೂ ಜಂಬ ಇಲ್ಲದಿದ್ದರೆ ನನಗೇ ಬೇಸರವಾಗುತ್ತದೆ.

ಅಂಗಡಿಯಲ್ಲಿ ಎರಡೇ ಕುರ್ಚಿ. ಕಿಟಕಿಯ ಪಕ್ಕದ್ದು ಅವನದು, ಗೋಡೆಯ ಕಡೆಯದು ಮಗಳದು. ಮಗಳಿಗೆ ಕೆಲಸ ಕಲಿಸಿದವನು ಅವನೇ. ಮೊದಲ ಎರಡು ವರ್ಷ ಅವಳ ಕುರ್ಚಿಗೆ ಬರುತ್ತಿದ್ದವರು ಅವಸರದವರು, ಇಲ್ಲವೇ ದಾರಿ ತಪ್ಪಿದವರು. ಮೂರನೇ ವರ್ಷ ಏನಾಯಿತೋ, ಗಾಳಿ ತಿರುಗಿತು. ಬೆಂಚಿನ ಮೇಲೆ ನಾಲ್ಕು ಜನ ಕೂತಿರುತ್ತಿದ್ದರು, ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಟವೆಲು ಕೊಡವಿ "ಬನ್ನಿ" ಎಂದರೆ, "ಇರ್ಲಿ, ಈ ಸುದ್ದಿ ಒಂದು ಮುಗಿಸ್ಬಿಡ್ತೀನಿ" ಎನ್ನುತ್ತಿದ್ದರು. ಓದುತ್ತಿದ್ದದ್ದು ಹೋದ ವಾರದ ಪೇಪರು.

ಉಳಿದವರು ಹೋಗಲಿ ಎನ್ನಬಹುದಿತ್ತು. ಆದರೆ ಹೆಡ್‌ಮೇಷ್ಟ್ರು? ನಿವೃತ್ತರಾಗುವ ಮೊದಲಿಂದಲೂ, ಇಪ್ಪತ್ತಾರು ವರ್ಷ, ಬುಧವಾರ ಮತ್ತು ಶನಿವಾರ ತಪ್ಪದೆ ಅವನ ಕುರ್ಚಿಯಲ್ಲೇ ಕತ್ತು ಚಾಚಿದ ಮನುಷ್ಯ. ಒಂದು ಬುಧವಾರ ಒಳಗೆ ಬಂದವರು ಅವನ ಮುಖ ನೋಡದೆ ನೇರವಾಗಿ ಗೋಡೆಯ ಕಡೆ ಹೋಗಿ ಕೂತುಬಿಟ್ಟರು. ಮಗಳು ಬ್ರಷ್ಷು ಹಿಡಿದುಕೊಂಡು ಅಪ್ಪನ ಕಡೆ ನೋಡಿದಳು. ಅವನು ಕತ್ತರಿಗೆ ಎಣ್ಣೆ ಹಾಕುವವನಂತೆ ತಲೆ ತಗ್ಗಿಸಿದ. ಆ ದಿನ ಅವನಿಗೆ ಅತ್ತುಬಿಡಬೇಕು ಅನ್ನಿಸಿತ್ತು.

ಮಗಳ ಮೇಲೆ ಹೊಟ್ಟೆಕಿಚ್ಚಲ್ಲ. ಅವಳ ಕೈ ಪಳಗುತ್ತಿದೆ ಎಂಬ ಸಂತೋಷ ಒಳಗೊಳಗೇ ಇತ್ತು. ಆದರೆ ಇನ್ನೂ ಹತ್ತು ವರ್ಷ ಕೆಲಸ ಮಾಡುವ ಕೈ ತನ್ನದು, ತನ್ನದೇ ಅಂಗಡಿಯಲ್ಲಿ ಗೋಡೆಗೆ ಹಾಕಿದ ಕ್ಯಾಲೆಂಡರಿನ ಹಾಗೆ ತೂಗುವುದೆಂದರೇನು! ಒಂದು ಮಧ್ಯಾಹ್ನ ಬಾಗಿಲು ಅರ್ಧ ಎಳೆದು ಮಗಳನ್ನು ಕೇಳಿಯೇ ಬಿಟ್ಟ.

"ನನ್ನ ಕೈ ಕೆಟ್ಟಿದೆಯಾ? ಇದ್ದದ್ದು ಇದ್ದ ಹಾಗೆ ಹೇಳು."

"ಕೈ ಕೆಟ್ಟಿಲ್ಲ ಅಪ್ಪಾ. ಬೆರಳು ಮೂಸಿ ನೋಡ್ಕೋ."

ಮೂಸಿದ. ಅವನಿಗೆ ಏನೂ ತಿಳಿಯಲಿಲ್ಲ, ಅದೇ ತೊಂದರೆ. ದಿನಕ್ಕೆ ಮೂವತ್ತು ಸಿಗರೇಟು ಸೇದುವವನ ಮೂಗಿಗೆ ಮೂವತ್ತೊಂದನೆಯದು ಏನು ಹೇಳೀತು? ಬಲಗೈಯ ಎರಡು ಬೆರಳು ಉಗುರಿನ ತನಕ ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಅವೇ ಎರಡು ಬೆರಳು ಗಿರಾಕಿಯ ಮೇಲ್ತುಟಿಯ ಚರ್ಮ ಎಳೆದು ಹಿಡಿಯುತ್ತಿದ್ದದ್ದು, ಸರಿಯಾಗಿ ಮೂಗಿನ ಹೊಳ್ಳೆಯ ಕೆಳಗೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಇವನ ಅಂಗಡಿಯಲ್ಲಿ ಆಳೆತ್ತರದ ಮೂರು ಕನ್ನಡಿಗಳಿದ್ದೂ ಕಂಡಿರಲಿಲ್ಲ.

ಸಿಗರೇಟು ಬಿಟ್ಟುಬಿಡಿ ಎಂದು ಡಾಕ್ಟರು ಮೊದಲೇ ಹೇಳಿ ಬೇಸತ್ತಿದ್ದರು. ಮೂರು ಸಲ ಬಿಟ್ಟೂ ಇದ್ದ. ಹೆಚ್ಚೆಂದರೆ ಹನ್ನೊಂದು ದಿನ. ಹನ್ನೆರಡನೆಯ ದಿನ, ಸಿಗರೇಟಿಲ್ಲದ ಚಡಪಡಿಕೆಯಲ್ಲಿ, ಒಬ್ಬ ಮದುಮಗನ ಮೀಸೆ ಒಂದು ಕಡೆ ಗಿಡ್ಡವಾಗಿ, ಅದನ್ನು ಸರಿಮಾಡಲು ಇನ್ನೊಂದು ಕಡೆ ಕತ್ತರಿಸಿ, ಕೊನೆಗೆ ಮೀಸೆಯೇ ಇಲ್ಲದೆ ಆತ ಮದುವೆಗೆ ಹೋಗಬೇಕಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ಮೂರು ರಾತ್ರಿ ಯೋಚಿಸಿ ಒಂದು ದಾರಿ ಕಂಡುಕೊಂಡ. ತಂಬಾಕು ತುಂಬಿ ಸೇದುವ ಪೈಪಿನಲ್ಲಿ ಬೆಂಕಿ ಇರುವುದು ತುದಿಯ ಬಟ್ಟಲಿನೊಳಗೆ. ಬೆರಳಿಗೂ ಹೊಗೆಗೂ ಸಂಬಂಧವಿಲ್ಲ. ಮೂವತ್ತರ ಬದಲು ದಿನಕ್ಕೆ ಎರಡು ಸಲ, ಮಧ್ಯಾಹ್ನಕ್ಕೊಂದು, ಅಂಗಡಿ ಮುಚ್ಚಿದ ಮೇಲೊಂದು, ಹಿಂದಿನ ಅಂಗಳದ ಬೆಂಚಿನ ಮೇಲೆ. ಡಾಕ್ಟರು ಇದನ್ನು ಕೇಳಿ, "ಬಾಣಲೆಯಿಂದ ಬೆಂಕಿಗೆ ಅಂತಾರಲ್ಲ, ನೀವು ಬೆಂಕಿಯಿಂದ ಬಾಣಲೆಗೆ ಬಂದಿದೀರಿ, ಅಷ್ಟೇ" ಎಂದರಂತೆ. ಅವರು ಹೇಳಿದ್ದು ಸರಿಯೇ. ನಾನೂ ಅದನ್ನು ಔಷಧಿ ಎಂದು ಮಾರುತ್ತಿಲ್ಲ.

ಹಳೆಯ ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ ತಂಬಾಕಿನ ಅಂಗಡಿ. ನಡೆಸುವವಳು ಎಪ್ಪತ್ತು ದಾಟಿದ ಹೆಂಗಸು; ಎಲ್ಲರಿಗೂ ಅವಳು ಅಕ್ಕ, ಅವಳಿಗೆ ಎಲ್ಲರೂ ತಮ್ಮಂದಿರು. ಬೆಣ್ಣೆಕೈ ಹೋದವನೇ ಗತ್ತಿನಿಂದ ಹೇಳಿದ:

"ಅಕ್ಕಾ, ಒಂದು ಪೈಪು, ಇರೋದ್ರಲ್ಲಿ ಖಡಕ್ ಆಗಿರೋ ತಂಬಾಕು ಕೊಡಿ. ನಾನು ಮೂವತ್ತು ಸಿಗರೇಟಿನ ಮನುಷ್ಯ."

"ತಮ್ಮಾ, ಈಜು ಬರುತ್ತೆ ಅಂತ ಬಾವಿಗೆ ತಲೆಕೆಳಗಾಗಿ ಬೀಳ್ತಾರಾ?"

"ನನಗೇನೂ ಆಗಲ್ಲ, ಕೊಡಿ."

ಕೊಟ್ಟಳು. ಅಂದು ಮಧ್ಯಾಹ್ನ ಅವನು ಬೆಂಚಿನ ಮೇಲೆ ಕೂತು ಪೈಪು ಹೊತ್ತಿಸಿ, ಸಿಗರೇಟಿಗೆ ಎಳೆಯುವಂತೆ ಎದೆಯ ತಳಕ್ಕೆ ಎಳೆದ. ಮೂರನೇ ಸಲ ಎಳೆಯುವಷ್ಟರಲ್ಲಿ ಅಂಗಳದ ಗೋಡೆ ಎಡಕ್ಕೆ ಹೊರಟಿತು. ಬಿಕ್ಕಳಿಕೆ, ತಣ್ಣನೆಯ ಬೆವರು. ಎರಡು ಗಂಟೆಗೆ ಬರಬೇಕಿದ್ದ ಒಬ್ಬನೇ ಒಬ್ಬ ಹಳೆಯ ಗಿರಾಕಿಯನ್ನೂ ಮಗಳಿಗೆ ಒಪ್ಪಿಸಿ, ಅವನು ಒದ್ದೆ ಟವೆಲನ್ನು ತಲೆಯ ಮೇಲೆ ಹಾಕಿಕೊಂಡು ಸಂಜೆಯ ತನಕ ಕೂತಿದ್ದ.

ಮರುದಿನ ಹೋಗಿ ಹೇಳಿಕೊಂಡಾಗ ಅಕ್ಕ ನಗಲಿಲ್ಲ, ಅದು ಅವಳ ದೊಡ್ಡತನ. "ಪೈಪಿನ ಹೊಗೆ ಬಾಯಿಗೆ ಮಾತ್ರ. ಬಿಸಿ ಪಾಯಸ ತುಟಿಗಿಟ್ಟ ಹಾಗೆ, ಮೆಲ್ಲಗೆ. ಅವಸರ ಮಾಡಿದ್ರೆ ನಾಲಿಗೆ ಸುಡುತ್ತೆ" ಎಂದಳು. ಬಟ್ಟಲಿಗೆ ತಂಬಾಕು ತುಂಬುವುದನ್ನೂ ತೋರಿಸಿದಳು: ಮೊದಲ ಪದರ ಸುಮ್ಮನೆ ಉದುರಿಸಬೇಕು, ಎರಡನೆಯದನ್ನು ಸ್ವಲ್ಪ ಒತ್ತಬೇಕು, ಮೂರನೆಯದನ್ನು ಗಟ್ಟಿಯಾಗಿ. ಇದನ್ನು ಅವನು ಒಂದೇ ಸಲಕ್ಕೆ ಕಲಿತ. ಕತ್ತಿಯ ಭಾರ ಗಂಟಲಲ್ಲಿ ಎಷ್ಟು, ಕೆನ್ನೆಯಲ್ಲಿ ಎಷ್ಟು, ಗಲ್ಲದಲ್ಲಿ ಎಷ್ಟು ಎಂದು ಗೊತ್ತಿದ್ದ ಬೆರಳಿಗೆ ಇದೇನು ಮಹಾ! ಅಕ್ಕ ಬಾಯಿಬಿಟ್ಟು ಹೊಗಳಿದಳು. ಎಷ್ಟೋ ತಿಂಗಳ ಮೇಲೆ ಅವನ ಕೈಯನ್ನು ಯಾರೋ ಹೊಗಳಿದ್ದರು.

ಇನ್ನು ತಂಬಾಕಿನ ಆಯ್ಕೆ. ಅಕ್ಕ ನಾಲ್ಕು ಪೊಟ್ಟಣ ಕಟ್ಟಿಕೊಟ್ಟಳು. ಒಂದು ಬಂಗಾರದ ಬಣ್ಣದ ಎಲೆ, ತನ್ನಷ್ಟಕ್ಕೇ ಸಿಹಿ. ಒಂದು ಕಂದು ಎಲೆ, ಹುರಿದ ಕಡಲೆಬೀಜದ ಕಂಪು. ಒಂದು ಸೌದೆಯ ಹೊಗೆಯಲ್ಲಿ ಒಣಗಿಸಿದ ಕಪ್ಪು ಎಲೆ. ಕೊನೆಯದು ವೆನಿಲ್ಲಾ ಬೆರೆಸಿದ್ದು, ಮಕ್ಕಳ ಬಿಸ್ಕತ್ತಿನ ಡಬ್ಬಿ ತೆರೆದಂಥ ವಾಸನೆ. "ವಾರಕ್ಕೊಂದು ಸೇದಿ ನೋಡು, ನಿನಗೆ ಹೊಂದೋದು ಯಾವುದು ಅಂತ ನಿನ್ನ ನಾಲಿಗೇನೇ ಹೇಳುತ್ತೆ" ಎಂದಳು.

ನಾಲ್ಕು ವಾರ ಸೇದಿದ. ಐದನೇ ವಾರ ಸಿಡಿಮಿಡಿಗುಟ್ಟುತ್ತ ಅಕ್ಕನ ಅಂಗಡಿಗೆ ಹೋಗಿ ನಾಲ್ಕೂ ಪೊಟ್ಟಣಗಳನ್ನು ಮೇಜಿನ ಮೇಲೆ ಎಸೆದ.

"ತಲೆ ಬೋಳಿಸೋದು ನನ್ನ ಕಸುಬು ಅಕ್ಕಾ, ನೀವ್ಯಾಕೆ ನನ್ನ ತಲೆ ಬೋಳಿಸ್ತೀರಿ? ನಾಲ್ಕೂ ಒಂದೇ ರುಚಿ! ಮೊದಲನೇದು ಸ್ವಲ್ಪ ಸುಮಾರಾಗಿತ್ತು, ಆಮೇಲಿಂದೆಲ್ಲಾ ಸೋಪು ಸುಟ್ಟು ಸೇದಿದ ಹಾಗೆ."

ಅಕ್ಕ ಒಂದೊಂದೇ ಪೊಟ್ಟಣ ಬಿಚ್ಚಿ ಮೂಗಿಗೆ ಹಿಡಿದಳು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವಳ ಭುಜ ನಗುವಿಗೆ ಕುಲುಕತೊಡಗಿತ್ತು.

"ಇದನ್ನೆಲ್ಲಾ ಎಲ್ಲಿಟ್ಟಿದ್ದೆ ತಮ್ಮಾ?"

"ಅಂಗಡೀಲಿ. ಕನ್ನಡಿ ಕೆಳಗಿನ ಡ್ರಾಯರಲ್ಲಿ."

"ಆ ಡ್ರಾಯರಲ್ಲಿ ಇನ್ನೇನಿದೆ?"

ಅವನು ಒಂದೊಂದೇ ಬೆರಳು ಮಡಚಿ ನೆನಪಿಸಿಕೊಂಡ. ಗಡ್ಡ ಬೋಳಿಸಿದ ಮೇಲೆ ಹಚ್ಚುವ ಕಲೋನಿನ ಆರು ಸೀಸೆ, ಮುಖದ ಪೌಡರಿನ ಡಬ್ಬ, ತಲೆಗೂದಲಿಗೆ ಹಾಕುವ ಪರಿಮಳದ ಎಣ್ಣೆ. ತಂಬಾಕು ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಂಡು ಕೂರುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು! ಮೂವತ್ತನಾಲ್ಕು ವರ್ಷದಿಂದ ಆ ಡ್ರಾಯರಿನ ಗಾಳಿ ಕುಡಿದವನ ಮೂಗಿಗೆ ಅಲ್ಲೊಂದು ವಾಸನೆ ಇದೆ ಎಂಬುದೇ ಮರೆತುಹೋಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಕ್ಕ ಕಣ್ಣೊರೆಸಿಕೊಂಡು ಹೇಳಿದಳು:

"ಇದು ತಂಬಾಕಲ್ಲಪ್ಪಾ, ಈಗಷ್ಟೇ ಗಡ್ಡ ಮಾಡಿಸ್ಕೊಂಡು ಎದ್ದು ಬಂದ ಮದುಮಗ!"

ಅವನಿಗೂ ನಗು ತಡೆಯಲಾಗಲಿಲ್ಲ. ಆದರೆ ಓಣಿಯ ತಿರುವಿನಲ್ಲಿ ಆ ನಗು ನಿಂತಿತು. ತನ್ನ ಮೂಗನ್ನು ನಂಬುವ ಹಾಗಿಲ್ಲ. ಸಿಗರೇಟಿನ ವಿಷಯದಲ್ಲೂ ಅದೇ ಆದದ್ದು. ಹಾಗಾದರೆ ಬೇರೆಯವರ ಮೂಗೇ ಗತಿ. ಅಂದೇ ಮಗಳನ್ನು ಕೂರಿಸಿಕೊಂಡು ಒಪ್ಪಂದ ಮಾಡಿಕೊಂಡ: ಹೊಸದಾಗಿ ತಂದ ತಂಬಾಕಿಗೆ ಬಿಗಿ ಮುಚ್ಚಳದ ನಾಲ್ಕು ಗಾಜಿನ ಭರಣಿ, ಅವು ಮನೆಯ ಅಟ್ಟದ ಮೇಲೆ, ಅಂಗಡಿಯ ನೆರಳೂ ಬೀಳದ ಕಡೆ. ಪೈಪು ಮುಗಿದ ಮೇಲೆ ಕೈ ತೊಳೆದು, ಬಾಯಿ ಮುಕ್ಕಳಿಸಿ, ಅಂಗಿ ಬದಲಿಸಿ, ಮಗಳ ಮುಂದೆ ನಿಲ್ಲಬೇಕು. ಅವಳು ಪಾಸು ಮಾಡಿದರೆ ಮಾತ್ರ ಕತ್ತಿ ಮುಟ್ಟಬೇಕು.

ಮಗಳು ಕರುಣೆಯಿಲ್ಲದ ಪರೀಕ್ಷಕಿ. ಕಪ್ಪು ಎಲೆ ನಾಲಿಗೆಗೆ ಸ್ವರ್ಗವಾಗಿತ್ತು. ಆದರೆ ಅದರ ವಾಸನೆ ಎರಡು ದಿನ ಮೀಸೆಯಿಂದ ಹೋಗಲಿಲ್ಲ, ಒಬ್ಬ ಗಿರಾಕಿ ಏನೋ ಸುಡ್ತಾ ಇದೆ ಎಂದು ಎದ್ದು ಸ್ವಿಚ್ ಬೋರ್ಡು ನೋಡಿ ಬಂದ. ನಪಾಸು. ವೆನಿಲ್ಲಾದ್ದು ಅಕ್ಕಪಕ್ಕದವರಿಗೆಲ್ಲ ಇಷ್ಟವಾಯಿತು, ಸೇದುವವನಿಗೆ ಬಿಸಿನೀರು ಕುಡಿದಂತಾಗಿ ನಾಲಿಗೆ ಚುರುಗುಟ್ಟಿತು. ಬಂಗಾರದ ಎಲೆ ಚೆನ್ನ, ಆದರೆ ಅವಸರದವನಿಗಲ್ಲ, ತಾಳ್ಮೆ ತಪ್ಪಿದರೆ ಕಚ್ಚುತ್ತದೆ. ಉಳಿದದ್ದು ಕಂದು ಎಲೆ. ಸಿಗರೇಟಿನಿಂದ ಬಂದವನ ಬಾಯಿಗೆ ಪರಿಚಿತ, ಕಾಗದದ ಮೇಲೆ ಅರ್ಧ ಗಂಟೆ ಹರಡಿ ಆರಿಸಿದರೆ ಒಂದೇ ಕಡ್ಡಿಗೆ ಹೊತ್ತುತ್ತದೆ, ಆರಿದ ಮೇಲೆ ಹಿಂದೆ ಏನನ್ನೂ ಬಿಟ್ಟು ಹೋಗುವುದಿಲ್ಲ. ಮಗಳು ಅವನ ಬೆರಳು ಮೂಸಿ, ಮತ್ತೊಮ್ಮೆ ಮೂಸಿ, "ಪಾಸು" ಎಂದಳು. ಅವನು ಬಯಸಿದ್ದು ಕಪ್ಪು ಎಲೆಯನ್ನು. ಉಳಿಸಿಕೊಂಡದ್ದು ಕಂದು ಎಲೆಯನ್ನು. ಕುರ್ಚಿ ಮುಖ್ಯ ಎಂದು ಅವನಿಗೆ ಗೊತ್ತಿತ್ತು.

ಬೆರಳಿನ ಹಳದಿ ಮಾಸಲು ಎರಡು ತಿಂಗಳು ಹಿಡಿಯಿತು. ಮೊದಲು ಗಡಿಯಾರದ ಅಂಗಡಿಯವನು ಬಂದು ಕಿಟಕಿಯ ಪಕ್ಕ ಕೂತ, ಆಮೇಲೆ ಇಬ್ಬರು ಬಸ್ ಡ್ರೈವರುಗಳು, ಆಮೇಲೆ ಮೀಸೆ ಕಳೆದುಕೊಂಡಿದ್ದ ಆ ಮದುಮಗನೇ. ಬೆಣ್ಣೆಕೈಯ ಗತ್ತು ತಿರುಗಿ ಬಂತು. ಬಂದದ್ದಲ್ಲದೆ ಸ್ವಲ್ಪ ಹೆಚ್ಚೇ ಬಂತು. ಕುರ್ಚಿಗೆ ಸಿಕ್ಕಿದವನಿಗೆಲ್ಲ, ಕೇಳಲಿ ಬಿಡಲಿ, ಯಾವ ಎಲೆಯ ಗುಣ ಏನು, ಎಷ್ಟು ಆರಿಸಬೇಕು, ಹೇಗೆ ತುಂಬಬೇಕು ಎಂದು ಅರ್ಧ ಗಂಟೆ ಉಪನ್ಯಾಸ. ನೊರೆ ಮೆತ್ತಿದ ಬಾಯಿಯ ಗಿರಾಕಿ ಹೂಂ ಅನ್ನದೆ ಇನ್ನೇನು ಮಾಡಿಯಾನು?

ಹೆಡ್‌ಮೇಷ್ಟ್ರು ಮಾತ್ರ ಗೋಡೆಯ ಕಡೆಯೇ ಹೋಗುತ್ತಿದ್ದರು. ಬುಧವಾರ, ಶನಿವಾರ, ಮತ್ತೆ ಬುಧವಾರ. ಅವರೊಬ್ಬರು ಬಾರದಿದ್ದರೆ ಉಳಿದವರೆಲ್ಲ ಬಂದದ್ದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಕೊನೆಗೊಂದು ಶನಿವಾರ ಬೆಳಿಗ್ಗೆ, ಎರಡೂ ಕುರ್ಚಿ ಖಾಲಿ ಇದ್ದಾಗ, ಅವನು ಬಾಗಿಲಲ್ಲೇ ಅಡ್ಡ ನಿಂತು ಎರಡೂ ಕೈ ಚಾಚಿದ.

"ಮೇಷ್ಟ್ರೇ, ಮೂಸಿ ನೋಡಿ. ನಾತ ಇದ್ರೆ ಮಗಳ ಹತ್ರ ಕೂತ್ಕೊಳ್ಳಿ, ನಾನಿನ್ನು ಸೊಲ್ಲೆತ್ತಲ್ಲ."

ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬಗ್ಗಿ, ಆ ಬೆರಳುಗಳನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತರು. ನೇರವಾಗಿ ಹೋಗಿ ಕಿಟಕಿಯ ಪಕ್ಕ ಕೂತರು. ಅವನ ಕಣ್ಣು ಮಂಜಾಯಿತು. ಬೇಗ ಬೇಗ ನೊರೆ ಕಲಸತೊಡಗಿದ.

ಬಿಸಿ ಟವೆಲು ತೆಗೆದಾಗ ಮೇಷ್ಟ್ರು ಚಾವಣಿ ನೋಡುತ್ತ ಹೇಳಿದರು:

"ನಾತಕ್ಕೆ ಹೇಸಿ ಎದ್ದು ಹೋದೆ ಅಂದ್ಕೊಂಡಿದ್ಯೇನಯ್ಯಾ? ಹೋದ ವರ್ಷ ನನ್ನವಳು ಆಸ್ಪತ್ರೆಲಿದ್ಲಲ್ಲ, ಕೈ ಹಿಡ್ಕೊಂಡು ಮಾತು ತಗೊಂಡ್ಲು, ಇನ್ನು ಸೇದಲ್ಲ ಅಂತ. ಮೂರು ದಿನಕ್ಕೆ ಹೋಗ್ಬಿಟ್ಲು. ನಲವತ್ತು ವರ್ಷದ ಚಟ. ಮನೇಲಿ ತಡ್ಕೋಬಹುದು, ಬೀದೀಲಿ ತಡ್ಕೋಬಹುದು. ನಿನ್ನ ಬೆರಳು ಮೂಗಿನ ಹತ್ರ ಬಂದ್ರೆ ಮಾತ್ರ ಆಗ್ತಿರ್ಲಿಲ್ಲ. ಒಂದು ದಿನ ಇಲ್ಲಿಂದ ಎದ್ದು ಹೋಗಿ ಒಂದು ಪ್ಯಾಕು ಕೊಂಡೇಬಿಟ್ಟೆ. ಹೊತ್ತಿಸಲಿಲ್ಲ. ಆದ್ರೆ ಕೊಂಡೆ."

ಗೋಡೆಯ ಕಡೆ ಮಗಳು ಬಾಚಣಿಗೆ ತೊಳೆಯುವುದನ್ನು ನಿಲ್ಲಿಸಿದ್ದಳು. ಬೆಣ್ಣೆಕೈ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮಸೆದ, ಬೇಕಾದ್ದಕ್ಕಿಂತ ನಾಲ್ಕು ಸಲ ಹೆಚ್ಚಾಗಿ ಮಸೆದ. ಎಡಗೆನ್ನೆ ಮುಗಿಯಿತು, ಬಲಗೆನ್ನೆ ಮುಗಿಯಿತು. ಕತ್ತಿ ಗಲ್ಲದ ಕೆಳಗೆ ಇಳಿಯುವಾಗ ಮೇಷ್ಟ್ರು ಅರ್ಧ ಕಣ್ಣು ತೆರೆದು, ತೀರಾ ಸಣ್ಣ ದನಿಯಲ್ಲಿ ಕೇಳಿದರು.

"ಈಗ ಪೈಪಂತೆ? ಯಾವ ತಂಬಾಕು? ಅದು ಹೇಗಿರುತ್ತೆ?"

ಇಡೀ ಬೀದಿಗೆ ಕರೆದು ಕರೆದು ಹೇಳಿದವನು ಅವನು. ಮಗಳು ತಿರುಗಿ ನೋಡಿದಳು.

"ಮಾತಾಡ್ಬೇಡಿ ಮೇಷ್ಟ್ರೇ" ಎಂದ ಬೆಣ್ಣೆಕೈ. "ಕತ್ತಿ ಗಂಟಲ ಹತ್ರ ಇದೆ."

ಮೇಷ್ಟ್ರು ಬಾಯಿ ಮುಚ್ಚಿಕೊಂಡು, ಕಣ್ಣೂ ಮುಚ್ಚಿಕೊಂಡು, ಕತ್ತನ್ನು ಇನ್ನಷ್ಟು ಮೇಲಕ್ಕೆತ್ತಿದರು.