ಗುಂಡಿಗೆ

ನಮ್ಮತ್ತೆಯನ್ನು ಊರೆಲ್ಲ ಗುಂಡಿಯಮ್ಮ ಎಂದೇ ಕರೆಯುತ್ತದೆ. ಬೈಗುಳವಲ್ಲ, ಕೆಲಸದಿಂದ ಬಂದ ಹೆಸರು. ಆಟಿಕೆ ಕಾರ್ಖಾನೆಯಲ್ಲಿ ತಯಾರಾದ ಸಾಮಾನಿನ ಗುಂಡಿಗಳನ್ನು ಒತ್ತಿ ನೋಡುವುದು, ಸರಿಯಾಗಿ ಕೆಳಗಿಳಿದು ಸರಿಯಾಗಿ ಮೇಲೆದ್ದರೆ ಮುಂದಕ್ಕೆ ತಳ್ಳುವುದು, ಇಲ್ಲದಿದ್ದರೆ ಪಕ್ಕಕ್ಕಿಡುವುದು: ಇದೇ ಅವರ ಇಡೀ ಆಯಸ್ಸಿನ ದುಡಿಮೆ. ಹೆಬ್ಬೆರಳ ತುದಿ ಸವೆದು ಚಪ್ಪಟೆಯಾಗಿದೆ. ನಮ್ಮ ಮನೆಗೆ ಬಂದರೂ ಸುಮ್ಮನೆ ಕೂತವರಲ್ಲ. ಮಾತಾಡುತ್ತಲೇ ಲೋಟದ ಅಂಚು, ಕುರ್ಚಿಯ ಕೈ, ಕೊನೆಗೆ ನನ್ನ ಮೂಗನ್ನೂ ಒತ್ತಿ ನೋಡಿ "ಪರವಾಗಿಲ್ಲ, ಪಾಸು" ಎನ್ನುತ್ತಿದ್ದರು.

ಅವರು ಕೂರುತ್ತಿದ್ದ ಮೇಜಿಗೂ ಕಾರ್ಖಾನೆಯಲ್ಲಿ ಗುಂಡಿ ಎಂದೇ ಹೆಸರು. "ಮಾಲು ಗುಂಡಿಗೆ ಹೋಯ್ತಾ?" ಎಂದರೆ ಪರೀಕ್ಷೆಗೆ ಹೋಯಿತೇ ಎಂದರ್ಥ. ಹಿತ್ತಲಲ್ಲಿ ನಿಜವಾದ ಗುಂಡಿಯೂ ಒಂದಿತ್ತು, ಕೆಟ್ಟ ಸಾಮಾನು ಹೂಳುವ ಹಳ್ಳ. ಹಳಬರು ಅದನ್ನು ತಿಪ್ಪೆ ಎನ್ನುತ್ತಿದ್ದುದರಿಂದ ಅವರಿಗೆ ಗೊಂದಲವಿರಲಿಲ್ಲ. ಹೊಸಬರಿಗೆ ಇದನ್ನು ಹೇಳಿಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮಾವ, ಅಂದರೆ ಅತ್ತೆಯ ಗಂಡ, ಅಲ್ಲೇ ಚಿತ್ರಗಾರರು. ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು ಆಗಷ್ಟೇ ಹುಟ್ಟುತ್ತಿದ್ದ ಕಾಲ. ನಾವೂ ಒಂದು ಮಾಡಿ ನೋಡೋಣವೆಂದು ಕಾರ್ಖಾನೆಯವರು ಹೊರಟರು. ಆಗಿನ ಪರದೆ ಈಗಿನಂತಲ್ಲ. ಬೇಕಾದ ಆಕಾರಗಳನ್ನೆಲ್ಲ ಗಾಜಿನೊಳಗೆ ಮೊದಲೇ ಕೂರಿಸಿಡಬೇಕು. ಕರೆಂಟು ತಾಗಿದ ಆಕಾರ ಕಪ್ಪಗೆ ಕಾಣುತ್ತದೆ, ಮಿಕ್ಕವು ಮಾಯ. ಬರೆಯದೇ ಇದ್ದದ್ದು ಮೂಡುವ ಮಾತೇ ಇಲ್ಲ. ಮಾವ ಬರೆದದ್ದು ಒಬ್ಬ ಹುಡುಗಿಯನ್ನು. ಎಡದಿಂದ ಬಲಕ್ಕೆ ನಡೆಯುತ್ತಾಳೆ, ದಾರಿಯಲ್ಲಿ ಹಳ್ಳ ಬರುತ್ತದೆ, ಗುಂಡಿ ಒತ್ತಿದರೆ ಹಾರುತ್ತಾಳೆ, ಒತ್ತದಿದ್ದರೆ ಬೀಳುತ್ತಾಳೆ. ಅಷ್ಟೇ ಆಟ.

ಆ ಹುಡುಗಿ ಅವರ ಮಗಳು ಗುಬ್ಬಿ. ಹುಟ್ಟಿನಿಂದಲೇ ಒಂದು ಕಾಲಿಗೆ ಶಕ್ತಿ ಸಾಲದು. ಒಂದು ಹೆಜ್ಜೆಯಿಟ್ಟು, ಇನ್ನೊಂದು ಕಾಲನ್ನು ತಡವಾಗಿ ಎಳೆದುಕೊಂಡು ನಡೆಯುತ್ತಿದ್ದಳು. ಮಾವ ಅದನ್ನು ಹಾಗೇ ಇಳಿಸಿದ್ದರು, ಸದ್ದನ್ನೂ ಸೇರಿಸಿ: ಟಿಕ್... ಟಿಕ್‌ಟಿಕ್. ಟಿಕ್... ಟಿಕ್‌ಟಿಕ್.

ಮೊದಲ ಮಾದರಿ ತಯಾರಾದ ದಿನ ಮಾವ ತಮ್ಮ ಅಭ್ಯಾಸದಂತೆ ಸೆಲ್ಲು ಬಿಚ್ಚಿಟ್ಟುಕೊಂಡು, ಯಂತ್ರಗಳ ಗದ್ದಲದ ನಡುವೆ ಅದನ್ನು ಹೊಸ ಸ್ಟೋರ್‌ಕೀಪರನ ಕೈಗೆ ಕೊಟ್ಟು "ಗುಂಡಿಗೆ ಹಾಕು" ಎಂದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಆ ಪುಣ್ಯಾತ್ಮ ಅದನ್ನು ಮೇಣದ ಕಾಗದದಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ಹಿತ್ತಲ ಹಳ್ಳದ ಆಳಕ್ಕೆ ಹಾಕಿ ಮೇಲೆ ಮಣ್ಣೂ ಎಳೆದು ಬಂದ. ತಪ್ಪು ಗೊತ್ತಾಗುವಷ್ಟರಲ್ಲಿ ಅದರ ಮೇಲೆ ಲಾರಿಗಟ್ಟಲೆ ಕಸ ಬಿದ್ದಿತ್ತು. ಹೋದರೆ ಹೋಯಿತು, ಇನ್ನೊಂದು ಮಾಡಿ ಎಂದರು ಮೇಲಿನವರು. ಜೊತೆಗೆ, ಕುಂಟುವ ಹುಡುಗಿಯನ್ನು ಯಾರು ಕೊಳ್ಳುತ್ತಾರೆ ಎಂದು ಹಳೆಯ ಅಚ್ಚನ್ನು ಅಳಿಸಿ ಟೊಪ್ಪಿ ಹಾಕಿದ ಹುಡುಗನನ್ನು ಬರೆಸಿದರು. ಆ ಮಾತಾಡಿದ ಬಾಯಿಗಿಷ್ಟು ಮಣ್ಣು ಹಾಕ.

ಮರುವರ್ಷ ಗುಬ್ಬಿ ಜ್ವರ ಬಂದು ತೀರಿಕೊಂಡಳು.

ಫೋಟೋಗಳಿದ್ದವು. ಎಲ್ಲದರಲ್ಲೂ ನಿಂತಿದ್ದಾಳೆ, ಇಲ್ಲವೇ ಕೂತಿದ್ದಾಳೆ. ಹೋಗ್ತಾ ಹೋಗ್ತಾ ಗಂಡ ಹೆಂಡಿರಿಗೆ ಒಂದು ಜಗಳ ಅಂಟಿಕೊಂಡಿತು: ಅವಳು ಎಳೆಯುತ್ತಿದ್ದುದು ಯಾವ ಕಾಲು? ಅತ್ತೆ ಎಡ ಎನ್ನುವರು, ಮಾವ ಬಲ ಎನ್ನುವರು. ಗಾಜಿಗೆ ಚಿತ್ರವನ್ನು ತಿರುಗಾಮುರುಗಾ ಬರೆಯಬೇಕಂತೆ. ಬರೆದೂ ಬರೆದೂ ಇವರಿಗೆ ಎಡಬಲ ಕಲಸಿಹೋಗಿದೆ ಎಂದು ಅತ್ತೆಯ ವಾದ. ಕೇಳಿದವರಿಗೆ ನಗು ಬರಬಹುದು. ನಗಬೇಡಿ. ಹೆತ್ತ ಮಗಳ ನಡಿಗೆಯನ್ನು ಇಬ್ಬರಲ್ಲಿ ಒಬ್ಬರು ಮರೆತಿದ್ದಾರೆ, ಅದು ತಾನಾಗದಿರಲಿ ಎಂದು ಇಬ್ಬರೂ ಒಳಗೊಳಗೇ ಹೆದರಿ ಸಾಯುತ್ತಿದ್ದರು. ಅದನ್ನು ತೀರ್ಮಾನಿಸಬಲ್ಲದ್ದು ಮಣ್ಣಿನಡಿಯ ಆ ಡಬ್ಬಿ ಒಂದೇ.

ಸದ್ದು ಶುರುವಾದದ್ದು ಆಮೇಲೆ. ಊಟದ ಹೊತ್ತಿಗೆ ಯಂತ್ರಗಳು ನಿಂತಾಗ ಹಿತ್ತಲ ಕಡೆಯಿಂದ ಕೇಳುತ್ತಿತ್ತು. ಟಿಕ್... ಟಿಕ್‌ಟಿಕ್. ಇಲಿ ಇರಬೇಕು ಎಂದರು ಮೇಸ್ತ್ರಿ. "ಇಲಿ ಕುಂಟುತ್ತಾ?" ಎಂದು ಅತ್ತೆ ಕೇಳಿದ ಮೇಲೆ ಅವರ ಮೇಜಿನವರು ಯಾರೂ ಹಿತ್ತಲ ಕಿಟಕಿ ತೆಗೆಯಲಿಲ್ಲ. ಅತ್ತೆ ಮಾತ್ರ ಅದರ ಕೆಳಗೇ ಕೂತು ಉಣ್ಣುತ್ತಿದ್ದರು. ಗುಂಡಿಯಮ್ಮನ ಗುಂಡಿಗೆ ಗಟ್ಟಿ ಎಂದು ಜನ ಆಡಿಕೊಂಡರು. ಗಟ್ಟಿಯೇನಲ್ಲ, ಪಾಪ. ಸದ್ದು ನಿಂತುಬಿಟ್ಟರೆ ಏನು ಗತಿ ಎಂಬ ಭಯ ಅವರಿಗೆ.

ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದ ಮೇಲೆ, ಮೊನ್ನೆ ಮೊನ್ನೆ, ಆ ಜಾಗವನ್ನು ಹೊಸ ಕಟ್ಟಡಕ್ಕೆಂದು ಅಗೆದರು. ಸ್ಟೋರ್‌ಕೀಪರ್ ಈಗ ಮುದುಕ. ದಿನಾ ಹೋಗಿ ಅಗೆತದ ಅಂಚಿನಲ್ಲಿ ನಿಲ್ಲುತ್ತಿದ್ದನಂತೆ. ಒಂದು ಮಧ್ಯಾಹ್ನ ಡಬ್ಬಿ ಹಿಡಿದು ಅತ್ತೆಯ ಮನೆಗೆ ಬಂದ. ನಾನೂ ಅಲ್ಲಿದ್ದೆ.

"ಹೂತೋನು ನಾನೇ ಅಮ್ಮಾ. ಅದಕ್ಕೆ ನಾನೇ ತಗೊಂಡ್ಬಂದೆ," ಎಂದು ಮೇಜಿನ ಮೇಲಿಟ್ಟು, ಕೂರು ಎಂದರೂ ಕೂರದೆ ಹೊರಟುಹೋದ.

ಮಾವ ಮೇಣದ ಕಾಗದ ಬಿಚ್ಚಿದರು. ತುಕ್ಕಿಲ್ಲ, ಬೂಷ್ಟಿಲ್ಲ. ಹಿಂದಿನ ಮುಚ್ಚಳ ತೆಗೆದರು. ಸೆಲ್ಲಿನ ಜಾಗ ಖಾಲಿ. ಹಾಗಾದರೆ ಅಷ್ಟು ವರ್ಷ ಕೇಳಿದ ಸದ್ದು ಎಲ್ಲಿಯದು ಎಂದು ನಾನು ಕೇಳಲಿಲ್ಲ. ಕೇಳಿದರೆ ಇಬ್ಬರಲ್ಲಿ ಯಾರಾದರೂ ಉತ್ತರ ಹೇಳಿಬಿಟ್ಟಾರು ಎಂದು ಹೆದರಿಕೆಯಾಯಿತು.

ಹೊಸ ಸೆಲ್ಲು ಹಾಕಿ ಇಬ್ಬರೂ ಬೆಂಚಿನ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂತರು, ಅತ್ತೆ ಎಡಕ್ಕೆ, ಮಾವ ಬಲಕ್ಕೆ, ಆಟ ಅತ್ತೆಯ ಕೈಯಲ್ಲಿ. ನಾನು ಹಿಂದೆ ನಿಂತು ಬಗ್ಗಿ ನೋಡಿದೆ. ಗುಬ್ಬಿ ಬಂದಳು. ಟಿಕ್... ಟಿಕ್‌ಟಿಕ್. ಎಳೆಯುತ್ತಿದ್ದುದು ಎಡಗಾಲು. ಮಾವನ ಮುಖ ಇಳಿದುಹೋಯಿತು. ಅತ್ತೆ ಗೆದ್ದೆ ಎನ್ನಲಿಲ್ಲ. ಅವರ ಕೈ ಹಿಡಿದುಕೊಂಡರು. ಹಿಡಿದದ್ದು ಗುಂಡಿ ಒತ್ತುವ ಕೈಯಿಂದ. ಅಷ್ಟರಲ್ಲಿ ಹಳ್ಳ ಬಂತು. ಜೀವಮಾನವಿಡೀ ಗುಂಡಿ ಒತ್ತಿದ ಹೆಬ್ಬೆರಳು ಆ ಹೊತ್ತಿಗೆ ಗುಂಡಿಯ ಮೇಲಿರಲಿಲ್ಲ.

ಗುಬ್ಬಿ ಬೀಳಲಿಲ್ಲ. ಹಳ್ಳದ ಅಂಚಿನಲ್ಲಿ ನಿಂತಳು. ಆಮೇಲೆ ತಿರುಗಿ, ಬಂದ ದಾರಿಯಲ್ಲೇ ವಾಪಸು ನಡೆದಳು. ಯಾವ ಕಾಲನ್ನೂ ಎಳೆಯುತ್ತಿರಲಿಲ್ಲ. ಟಿಕ್, ಟಿಕ್, ಟಿಕ್. ಪರದೆಯ ಅಂಚು ದಾಟಿದಳು, ಗಾಜು ಖಾಲಿಯಾಯಿತು. ಸದ್ದು ಮಾತ್ರ ಇನ್ನೂ ಒಂದೆರಡು ಹೆಜ್ಜೆ ಕೇಳಿಸಿತು, ಆಟದಿಂದಲ್ಲ, ಬೆಂಚಿನ ಮುಂದಿನ ನೆಲದಿಂದ.

"ತಿರುಗೋದನ್ನ ನಾನು ಬರ್ದೇ ಇಲ್ಲ," ಎಂದರು ಮಾವ.

"ನೀವ್ಯಾಕೆ ಬರೀಬೇಕು? ಅವಳೇ ಕಲ್ತಿದಾಳೆ," ಎಂದರು ಅತ್ತೆ. "ಸ್ವಲ್ಪ ಆ ಕಡೆ ಸರೀರಿ."

ಮಾವ ಸರಿದರು. ಅತ್ತೆಯೂ ಈ ಕಡೆ ಸರಿದರು. ನಡುವೆ ಒಂದು ಮಗು ಕೂರುವಷ್ಟು ಜಾಗವಾಯಿತು.

ಆ ಆಟ ಮತ್ತೆ ಮಿಣುಕಲಿಲ್ಲ, ಕಾಲಿನ ಜಗಳವೂ ಮತ್ತೆ ಬರಲಿಲ್ಲ. ಈಗಲೂ ಆ ಮನೆಗೆ ಹೋಗುತ್ತೇನೆ. ಇಬ್ಬರೂ ಬೆಂಚಿನ ಎರಡು ತುದಿಗೆ ಕೂತು ಚೆನ್ನಾಗಿ ಮಾತಾಡಿಸುತ್ತಾರೆ. ನಡುವಿನ ಜಾಗದಲ್ಲಿ ಅವರು ಯಾರನ್ನೂ ಕೂರಿಸುವುದಿಲ್ಲ. ಕೂರೆಂದರೂ, ಅಲ್ಲಿ ಕೂರುವಷ್ಟು ಗುಂಡಿಗೆ ನನಗಿಲ್ಲ.