ವರ್ನಾ ತಪ್ಪು ಕೂಗಿದ ಒಂದೇ ಒಂದು ಸಲ

ಅಯೋವಾದ ಮೇಪಲ್ ಫೋರ್ಕಿನಲ್ಲಿ ಯಾರಿಗಾದರೂ ಶಿಕಾಗೋಗೆ ಹೋಗುವ ಕೆಲಸ ಬಿತ್ತೆಂದರೆ ಅವರು ಬಟ್ಟೆ ಜೋಡಿಸುವ ಮೊದಲು ಹೋಗುತ್ತಿದ್ದುದು ವರ್ನಾ ಹೆಡ್ಲಂಡಳ ಅಡುಗೆಮನೆಗೆ. ಅಲ್ಲಿ ರೊಟ್ಟಿ ಡಬ್ಬಕ್ಕೂ ಟೋಸ್ಟರಿಗೂ ನಡುವೆ ಒಂದು ಕಂಪ್ಯೂಟರು. ಅದರ ಮುಂದೆ, ಇಪ್ಪತ್ತಾರು ವರ್ಷ ಶಾಲೆಯ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದ ವರ್ನಾ, ಮೂಗಿನ ತುದಿಯಲ್ಲಿ ಕನ್ನಡಕ. "ಎಷ್ಟು ದಿನ? ಎಷ್ಟು ಜನ? ನಾಲ್ಕು ಸ್ಟಾರೋ ಮೂರೋ?" ಡಾಕ್ಟರು ಕೂಡ ಅಷ್ಟು ಗತ್ತಿನಿಂದ ಕೇಳುವುದಿಲ್ಲ, ನನ್ನಾಣೆ.

ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತಿದು. ಶನಿವಾರ ಶನಿವಾರ ದನದ ಹರಾಜು ನಡೆಯುವ ಊರು. ಟೋಪಿಯ ಅಂಚು ಮುಟ್ಟಿ ಬೆಲೆ ಕೂಗುವುದು ಇಲ್ಲಿಯವರಿಗೆ ಹೊಸತಲ್ಲ. ಆದರೆ ವರ್ನಾಳದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂಗುವ ಹರಾಜು. ಇಂಟರ್ನೆಟ್ಟಿನಲ್ಲಿ ಹೋಟೆಲ್ ರೂಮು ಮಾರುವ ತಾಣದವರು ನಗರವನ್ನು ವಲಯ ವಲಯವಾಗಿ ಭಾಗ ಮಾಡಿರುತ್ತಾರೆ. ಯಾವ ವಲಯ, ಎಷ್ಟು ಸ್ಟಾರು, ಎಷ್ಟು ಕೊಡುತ್ತೀರಿ, ಅಷ್ಟು ಹೇಳಬೇಕು. ಹೋಟೆಲಿನ ಹೆಸರು ಗೊತ್ತಾಗುವುದು ಅವರು ಒಪ್ಪಿ, ಕಾರ್ಡಿನಿಂದ ದುಡ್ಡು ಹೋದ ಮೇಲೆ. ಹೋದ ದುಡ್ಡು ಹೋಯಿತು, ವಾಪಸು ಇಲ್ಲ, ಬದಲಾವಣೆಯೂ ಇಲ್ಲ. ಒಪ್ಪಲಿಲ್ಲವೋ, ಮತ್ತೆ ಕೂಗಲು ಮರುದಿನದವರೆಗೆ ಕಾಯಬೇಕು. ಕಾಯಲಾಗದವರು ಇನ್ನೊಂದು ವಲಯವನ್ನೂ ಸೇರಿಸಿದರೆ ಆಗಲೇ ಕೂಗಬಹುದು.

ಇಲ್ಲೇ ಇರುವುದು ಕೈಚಳಕ. ನಾಲ್ಕು ಸ್ಟಾರಿನ ಹೋಟೆಲೇ ಇಲ್ಲದ ವಲಯವನ್ನು ಸೇರಿಸಿದರೆ? ಅಲ್ಲಿ ರೂಮು ಸಿಕ್ಕುವ ಭಯವೇ ಇಲ್ಲ, ಇನ್ನೊಂದು ಕೂಗು ಮಾತ್ರ ಪುಕ್ಕಟೆ! ಇಂಥ ವಲಯಗಳನ್ನು ವರ್ನಾ ತನ್ನ ನೋಟ್‌ಬುಕ್ಕಿನಲ್ಲಿ ಹಸಿರು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದಳು. ಪಾದ್ರಿಯ ಮಗಳ ಮಧುಚಂದ್ರ, ಬೌಲಿಂಗ್ ತಂಡದ ಹೆಂಗಸರ ಪಂದ್ಯ, ಎಲ್ಲಕ್ಕೂ ಅವಳೇ ಕೂಗಿದ್ದು, ಒಂದೂ ತಪ್ಪಿರಲಿಲ್ಲ. ಕಾಸು ಮುಟ್ಟುತ್ತಿರಲಿಲ್ಲ. ಯಾರಾದರೂ ರೂಬಾರ್ಬಿನ ಸಿಹಿ ಪೈ ಬೇಯಿಸಿ ತಂದುಕೊಟ್ಟರೆ ಬೇಡ ಅನ್ನುತ್ತಲೂ ಇರಲಿಲ್ಲ. ಜಂಬ ಇತ್ತು, ಯಾಕಿರಬಾರದು?

ಆ ಮಾರ್ಚಿನಲ್ಲಿ ಪಕ್ಕದ ಮನೆಯ ಐಲೀನ್ ಸೋರಮ್‌ಗೆ ಹೃದಯದ ಕವಾಟ ಬದಲಿಸಬೇಕೆಂದು ಶಿಕಾಗೋದ ಆಸ್ಪತ್ರೆಯವರು ಹೇಳಿದರು. ಬುಧವಾರ ಸೇರಬೇಕು, ಗುರುವಾರ ಬೆಳಗ್ಗೆ ಐದೂವರೆಗೆ ಆಪರೇಷನ್ನಿಗೆ ಒಳಗೆ ಕರೆದೊಯ್ಯುತ್ತಾರೆ. ಅವಳ ಗಂಡ ಎಮ್ಮೆಟ್‌ಗೆ ಎಪ್ಪತ್ತೊಂದು, ಬಲಗಣ್ಣು ಪೂರ್ತಿ ಹೋಗಿತ್ತು, ಗಾಡಿ ಓಡಿಸುವ ಲೈಸೆನ್ಸನ್ನೂ ಕಿತ್ತುಕೊಂಡಿದ್ದರು.

"ನನಗೆ ಬೇರೆ ಏನೂ ಭಯ ಇಲ್ಲ ಕಣೇ ವರ್ನಾ," ಅಂದಿದ್ದಳು ಐಲೀನ್. "ಒಳಗೆ ಕರ್ಕೊಂಡು ಹೋಗುವಾಗ ಇವನ ಕೈ ನನ್ನ ಕೈಲಿರಬೇಕು. ಇಲ್ಲ ಅಂದ್ರೆ ನಾನು ಮಂಚದಿಂದ ಇಳಿದು ಮನೆಗೆ ಬಂದುಬಿಡ್ತೀನಿ. ಇವನು ನಡೆದು ಬರೋವಷ್ಟು ಹತ್ತಿರ ಒಂದು ರೂಮು ನೋಡಿಕೊಡು."

"ಅಷ್ಟು ತಾನೇ? ಎರಡು ಬೀದಿ ಆಚೆ ಕೊಡಿಸ್ತೀನಿ, ಅದೂ ನಾಲ್ಕು ಸ್ಟಾರು. ನೀನು ಸುಮ್ನೆ ಮಲಗು," ಅಂದಳು ವರ್ನಾ.

ಅಂದದ್ದೇನೋ ಸರಿ. ಆ ವಾರ ಶಿಕಾಗೋದಲ್ಲಿ ಯಾವುದೋ ದೊಡ್ಡ ವಸ್ತುಪ್ರದರ್ಶನ, ಆಸ್ಪತ್ರೆಯ ಸುತ್ತಲಿನ ರೂಮುಗಳು ದಿನಕ್ಕೆ ಮುನ್ನೂರು ಡಾಲರ್. ನಾಲ್ಕು ದಿನ ಕೂಗಿದಳು, ನಾಲ್ಕೂ ದಿನ ಬೇಡ ಅಂದರು. ಮಂಗಳವಾರ ಮಧ್ಯಾಹ್ನ ಎಮ್ಮೆಟ್‌ನ ಕಾರ್ಡು ಪಕ್ಕದಲ್ಲಿಟ್ಟುಕೊಂಡು ಕೊನೆಯ ಬಾರಿ ಕೂತಳು. ಐವತ್ತೆಂಟು ಅಂದಳು, ಬೇಡ ಅಂದರು. ಒಂದು ಹಸಿರು ವಲಯ ಸೇರಿಸಿ ಅರವತ್ತಮೂರು ಅಂದಳು, ಅದೂ ಬೇಡ. ಪಶ್ಚಿಮದ ಉಪನಗರದ ಇನ್ನೊಂದು ಹಸಿರು ವಲಯ ಸೇರಿಸಿ ಅರವತ್ತೆಂಟು ಅಂದಳು.

ಒಪ್ಪಿದ್ದೇವೆ, ಅಂತ ಬಂತು.

"ಬಿತ್ತು ನೋಡು!" ಅಂತ ವರ್ನಾ ಮೇಜು ಗುದ್ದಿದಳು. ಆಮೇಲೆ ವಿಳಾಸ ಓದಿದಳು. ಪ್ರೇರಿ ಕ್ರೌನ್ ಅಂತ ಹೋಟೆಲು, ನಾಲ್ಕು ಸ್ಟಾರು, ಪಶ್ಚಿಮದ ಉಪನಗರ. ಆಸ್ಪತ್ರೆಗೆ ಇಪ್ಪತ್ತೆರಡು ಮೈಲಿ. ಬಾಗಿಲು ತೆರೆದು ಹತ್ತು ದಿನವೂ ಆಗಿರಲಿಲ್ಲ. ಅವಳಂಥವರೇ ಸೇರಿ ನಡೆಸುವ ಒಂದು ಚರ್ಚೆಯ ತಾಣವಿತ್ತು. ಅಲ್ಲಿ ಹಿಂದಿನ ದಿನವೇ ಯಾರೋ ಬರೆದಿದ್ದರು, ಈ ವಲಯ ಇನ್ನು ಪುಕ್ಕಟೆ ಅಲ್ಲ, ಹುಷಾರು ಅಂತ. ಕೂಗುವ ಮೊದಲು ಅದನ್ನು ನೋಡಬೇಕೆಂದು ಊರಿಗೆಲ್ಲ ಪಾಠ ಹೇಳಿದವಳೇ ವರ್ನಾ. ಆದರೆ ಅವತ್ತು ತನ್ನ ಹಸಿರು ಪೆನ್ಸಿಲನ್ನೇ ನಂಬಿದ್ದಳು.

ಗಂಡ ಡೇಲ್ ಬಂದು ಹಿಂದೆ ನಿಂತ. "ಕಂಪ್ಯೂಟರೇ ಕೈಕೊಡ್ತು ಅಂದುಬಿಡು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ," ಅಂದಳು ವರ್ನಾ. ಏಪ್ರನ್ನೂ ಬಿಚ್ಚದೆ ಬೇಲಿ ದಾಟಿ ಹೋದಳು.

ಎಮ್ಮೆಟ್ ಕೊಟ್ಟಿಗೆಯಲ್ಲಿದ್ದ. ಅವಳು ನಿಂತಲ್ಲೇ ಹೇಳಿದಳು: "ಎಮ್ಮೆಟ್, ನಾನು ತಪ್ಪು ಕೂಗಿದೆ. ರೂಮು ಇಪ್ಪತ್ತೆರಡು ಮೈಲಿ ದೂರ. ದುಡ್ಡು ವಾಪಸು ಬರೋಲ್ಲ. ತಪ್ಪು ನನ್ನದೇ, ಇನ್ಯಾರದ್ದೂ ಅಲ್ಲ."

ಅವನು ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಇನ್ನೊಂದು ರೂಮು ತಗೊಳ್ಳೋ ಶಕ್ತಿ ನನಗಿಲ್ಲಮ್ಮ," ಅಂದ. "ನಾನು ಹೇಗೆ ತಲುಪಲಿ?"

"ನಾನು ತಲುಪಿಸ್ತೀನಿ. ಡೇಲ್‌ನ ಟ್ರಕ್ಕು ತಗೊಂಡು ಬರ್ತೀನಿ. ಅವಳು ಆಸ್ಪತ್ರೆಯಲ್ಲಿರೋ ಆರು ದಿನವೂ ಅಲ್ಲೇ ಇರ್ತೀನಿ."

"ನೀನಾ? ಶಿಕಾಗೋದಲ್ಲಾ? ನಮ್ಮ ಡೆ ಮಾಯ್ನ್ ಪೇಟೆಯಲ್ಲೇ ಗಾಡಿ ಪಕ್ಕಕ್ಕೆ ನಿಲ್ಲಿಸಿ ಅತ್ತವಳು ನೀನು!"

"ಅತ್ತೆ ನಿಜ. ಅತ್ಕೊಂಡೇ ಓಡಿಸ್ತೀನಿ, ಬಾ."

ಐಲೀನಳಿಗೆ ಹೇಳುವುದು ಬೇಡ, ಹೃದಯದ ರೋಗಿ, ಅಂತ ಎಮ್ಮೆಟ್ ಹಟ ಹಿಡಿದ. ಆ ಒಂದು ಮಾತಿಗೆ ಮಾತ್ರ ವರ್ನಾ ತಲೆಬಾಗಿದಳು. ಇತ್ತ ಡೇಲ್ ಬಾಯಿ ಸುಮ್ಮನಿರಲಿಲ್ಲ. "ನಲವತ್ತು ವರ್ಷ ಸಂಸಾರ ಮಾಡಿ, ಈಗ ಎಮ್ಮೆಟ್ ಜೊತೆ ನಾಲ್ಕು ಸ್ಟಾರ್ ಹೋಟೆಲಿಗೆ ಹೊರಟೆಯಲ್ಲೇ ಮಾರಾಯ್ತಿ! ಊರವರಿಗೆ ಏನಂತ ಹೇಳಲಿ?"

"ರೂಮಲ್ಲಿ ಎರಡು ಮಂಚ ಇದೆ. ನಿನ್ನ ಗೊರಕೆಗಿಂತ ಅವನ ಗೊರಕೆನೇ ವಾಸಿ ಅಂತ ಹೇಳು," ಅಂದಳು ವರ್ನಾ, ಥರ್ಮಾಸಿಗೆ ಕಾಫಿ ತುಂಬುತ್ತಾ.

ಬುಧವಾರ ಐಲೀನಳನ್ನು ಆಸ್ಪತ್ರೆಗೆ ಸೇರಿಸಿದರು. "ರೂಮು ಚೆನ್ನಾಗಿದೆಯಾ?" ಅಂತ ಅವಳು ಕೇಳಿದಾಗ ವರ್ನಾ, "ಚೆನ್ನಾಗಿದೆಯಂತೆ," ಅಂದಳು. ಸುಳ್ಳಲ್ಲ. ಆದರೂ ಅವಳ ಮುಖ ನೋಡದೆ ದಿಂಬು ಸರಿಮಾಡಿದಳು.

ಗುರುವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಹೋಟೆಲಿನಿಂದ ಟ್ರಕ್ಕು ಹೊರಟಿತು. ಮೇಲೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಜಿಟಿಜಿಟಿ. ಎರಡೂ ಪಕ್ಕದಲ್ಲಿ ಲಾರಿಗಳು, ಆ ಹೊತ್ತಿಗೇ! ವರ್ನಾ ಸ್ಟಿಯರಿಂಗನ್ನು ಬಿಟ್ಟರೆ ಬಿದ್ದೇಹೋಗುತ್ತೇನೆ ಅನ್ನುವಂತೆ ಹಿಡಿದಿದ್ದಳು. ಎಮ್ಮೆಟ್ ಬಿಸ್ಕತ್ತು ತಿನ್ನುತ್ತಾ ಹಸುವಿನ ಸುದ್ದಿ ಹೇಳುತ್ತಿದ್ದ. ಅವಳಿಗೆ ಧೈರ್ಯ ಬರಲಿ ಅಂತಲೇ ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಕೇಳುತ್ತಾ ಕೇಳುತ್ತಾ ಇಳಿಯಬೇಕಾದ ತಿರುವನ್ನೇ ದಾಟಿಬಿಟ್ಟಳು. ಟ್ರಕ್ಕು ಪಕ್ಕದ ರಾಜ್ಯದ ಕಡೆ ಹೊರಟಿತ್ತು.

"ಎಮ್ಮೆಟ್, ಅಲ್ಲಿ ಇಂಡಿಯಾನಾ ಅಂತ ಬರೆದಿದೆ."

"ಇಂಡಿಯಾನಾದಲ್ಲಿ ನನ್ನ ಹೆಂಡತಿ ಇಲ್ಲಮ್ಮ."

"ನನಗೂ ಗೊತ್ತಿದೆ, ನೀನು ಸ್ವಲ್ಪ ಸುಮ್ನಿರು!"

ಗಡಿಯಾರದಲ್ಲಿ ಐದಕ್ಕೆ ಇನ್ನು ಹತ್ತೇ ನಿಮಿಷ. ಅಳು ಬರಲಿಲ್ಲ, ಸಿಟ್ಟು ಬಂತು, ತನ್ನ ಮೇಲೇ. ಸಿಟ್ಟಿನಲ್ಲೇ ಎರಡು ಲಾರಿಗಳ ನಡುವೆ ಟ್ರಕ್ಕು ನುಗ್ಗಿಸಿ, ಮುಂದಿನ ದಾರಿಗೆ ಇಳಿದು, ಸೇತುವೆಯ ಕೆಳಗೆ ತಿರುಗಿಸಿ ವಾಪಸು ಹತ್ತಿದಳು. ಹಿಂದಿನವನು ಹಾರನ್ನು ಒತ್ತಿಹಿಡಿದ. "ಒತ್ತು, ಒತ್ತು, ನಿನ್ನಪ್ಪನ ರಸ್ತೆ!" ಅಂತ ಕಿರುಚಿದಳು, ಚರ್ಚಿನ ಗಾಯಕಿ ವರ್ನಾ ಹೆಡ್ಲಂಡ್. ಎಮ್ಮೆಟ್ ಬಿಸ್ಕತ್ತು ನುಂಗುವುದನ್ನೇ ಮರೆತ.

ಐದು ಇಪ್ಪತ್ತಕ್ಕೆ ಅವರು ಐಲೀನಳ ಮಂಚದ ಪಕ್ಕದಲ್ಲಿದ್ದರು. ಎಮ್ಮೆಟ್ ಹೆಂಡತಿಯ ಕೈ ಹಿಡಿದುಕೊಂಡ. ಹತ್ತು ನಿಮಿಷ ಮುಂಚೆ! ಇಷ್ಟು ವರ್ಷ ಗೆದ್ದ ಯಾವ ರೂಮೂ ವರ್ನಾಳಿಗೆ ಇಷ್ಟು ಹೆಮ್ಮೆ ತಂದಿರಲಿಲ್ಲ.

ನರ್ಸು ಮಾತಿಗೆಳೆದಳು. "ನಿಮ್ಮವರು ಎಲ್ಲಿ ಇಳ್ಕೊಂಡಿದ್ದಾರೆ?"

"ಇಲ್ಲೇ ಎರಡು ಬೀದಿ ಆಚೆ," ಅಂದಳು ಐಲೀನ್. ಮುಖ ಬಿಳುಚಿದ್ದರೂ ದನಿಯಲ್ಲಿ ಗತ್ತು. "ನಾಲ್ಕು ಸ್ಟಾರು, ಬರೀ ಅರವತ್ತೆಂಟು ಡಾಲರು. ನಮ್ಮ ವರ್ನಾ ಕೂಗಿದ್ದು. ಇವಳು ಕೂಗಿದರೆ ಇವತ್ತಿನ ತನಕ ಒಂದೂ ತಪ್ಪಿಲ್ಲ."

ವರ್ನಾ ತಡೆಯಲಾರದೆ ಹೋದಳು. "ತಪ್ಪಿದೆ ಕಣೇ. ರೂಮು ಇಪ್ಪತ್ತೆರಡು ಮೈಲಿ ದೂರ ಇದೆ. ನಿನ್ನ ಗಂಡನ್ನ ಇಂಡಿಯಾನಾ ತೋರಿಸಿಕೊಂಡು ಕರ್ಕೊಂಡು ಬಂದೆ."

ಎಮ್ಮೆಟ್ ಕಣ್ಣು ಮುಚ್ಚಿಕೊಂಡ. ಐಲೀನ್ ಒಬ್ಬರ ಮುಖವಾದ ಮೇಲೆ ಇನ್ನೊಬ್ಬರ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಳ್ಳಲು ಒಂದು ಕೈ ಬೇಕಿತ್ತು, ಎಮ್ಮೆಟ್ ಹಿಡಿದ ಕೈಯನ್ನಂತೂ ಬಿಡಲಿಲ್ಲ. "ನೀನಾ? ವಲಯ ತಪ್ಪಿದೆಯಾ? ಅಯ್ಯೋ ದೇವರೇ, ಇದನ್ನ ಊರಿಗೆ ಹೇಳೋಕಾದ್ರೂ ನಾನು ವಾಪಸು ಹೋಗಬೇಕಲ್ಲ!"

"ನಗಬಾರದು, ನಗಬಾರದು," ಅಂತ ನರ್ಸು ಗದರಿಸುತ್ತಲೇ ಮಂಚ ತಳ್ಳಿದಳು. ದೊಡ್ಡ ಬಾಗಿಲು ಬರುವವರೆಗೂ ಎಮ್ಮೆಟ್‌ನ ಕೈ ಐಲೀನಳ ಕೈಯಲ್ಲೇ ಇತ್ತು. ಬಾಗಿಲು ಮುಚ್ಚಿದ ಮೇಲೂ ಒಳಗಿನಿಂದ ಅವಳ ನಗು ಕೇಳಿಸಿತು.

ಕಾಯುವವರಿಗೆಂದು ಅಲ್ಲಿ ಒಂದು ಕಂಪ್ಯೂಟರಿತ್ತು. ವರ್ನಾ ಆ ಚರ್ಚೆಯ ತಾಣ ತೆರೆದು ಬರೆದಳು: ಪಶ್ಚಿಮದ ಆ ವಲಯ ಈಗ ಪುಕ್ಕಟೆ ಅಲ್ಲ. ನೋಡದೆ ಕೂಗಿ ನಾನು ಬಿದ್ದೆ, ನೀವು ಬೀಳಬೇಡಿ. ಅಲ್ಲಿ ಎಲ್ಲರದೂ ಸುಳ್ಳು ಹೆಸರು. ಗೆದ್ದಾಗಲೆಲ್ಲ ಅವಳೂ ಹಾಗೇ ಬರೆದಿದ್ದಳು. ಅವತ್ತು ಮಾತ್ರ ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ ಊರನ್ನೂ ಹಾಕಿದಳು.

ಹನ್ನೊಂದಕ್ಕೆ ಸರ್ಜನ್ ಹೊರಗೆ ಬಂದು ಎಮ್ಮೆಟ್ ಜೊತೆ ಮಾತಾಡಿ ಹೋದ. ಎಮ್ಮೆಟ್ ಗೋಡೆ ಹಿಡಿದುಕೊಂಡು ಅವಳ ಹತ್ತಿರ ಬಂದ, ಎರಡೂ ಕಣ್ಣು ಒದ್ದೆ. "ಕವಾಟ ಕೂತಿತಂತೆ ಕಣಮ್ಮ. ಸಂಜೆ ಹೊತ್ತಿಗೆ ಮಾತಾಡ್ತಾಳಂತೆ." ಮೂಗು ಒರೆಸಿಕೊಂಡ. "ಇನ್ನು ನಿನ್ನ ಕಥೆ ಮುಗೀತು. ನೀನು ತಪ್ಪು ಕೂಗಿದ್ದನ್ನ ಊರಲ್ಲಿ ಮನೆ ಮನೆಗೂ ಹೋಗಿ ಹೇಳ್ತಾಳೆ ನೋಡು ಅವಳು."

"ಹೇಳಲಿ," ಅಂದಳು ವರ್ನಾ. "ಹೇಳೋಕೆ ಅವಳು ಇದ್ದಾಳಲ್ಲ!"